ಬಿಸಿಲ ನಾಡಿನ ಕಾಲುದಾರಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆಯವೇ ಜಾಸ್ತಿ. ಹಾಗಾಗಿ ಪೂರ್ತಿ ಜಾಗವನ್ನು ಆ ಭಾಗಕ್ಕೇ ಕೊಟ್ಟಿದ್ದೇವೆ.

ಡಾಕ್ಟರು ದಿನಾ ನಡೆಯಿರಿ ಅಂದಿದ್ದಾರೆ. ಊರ ಹೊರಗೆ ಹೊಲದ ದಾರಿ ಹಿಡಿದು ಹೋಗಿ ಬರುತ್ತೇನೆ. ಮಲೆನಾಡಿನವರ ಫೋಟೋ ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮಲ್ಲಿ ಬರೀ ಜಾಲಿ, ಕಲ್ಲು, ದೂಳು. ನೋಡೋಕೆ ಏನಿದೆ?
– ಓದುಗರು, ಕಲಬುರಗಿ

ದೂಳಿನಿಂದಲೇ ಶುರು ಮಾಡೋಣ. ದಾರಿಯಲ್ಲಿ ಬೇವಿನ ಮರವೋ ಹಳೇ ಗೋಡೆಯೋ ಇದ್ದರೆ ಅದರ ಬುಡದ ನುಣುಪು ಮಣ್ಣು ನೋಡಿ. ಸಣ್ಣ ಸಣ್ಣ ಗುಂಡಿಗಳು ಕಾಣುತ್ತವೆ, ಆಲಿಕೆ ಒತ್ತಿಟ್ಟ ಹಾಗೆ. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಸ್ವಲ್ಪ ಕಾಯಿರಿ. ಇರುವೆಯೊಂದು ಅಂಚಿಗೆ ಬರುತ್ತದೆ, ಕಾಲು ಜಾರುತ್ತದೆ, ಮೇಲೆ ಹತ್ತೋಕೆ ನೋಡುತ್ತದೆ, ಅಷ್ಟರಲ್ಲಿ ತಳದಿಂದ ಮಣ್ಣು ಚಿಮ್ಮುತ್ತದೆ, ಇರುವೆ ಮತ್ತೆ ಕೆಳಗೆ ಉರುಳುತ್ತದೆ. ಮಣ್ಣೊಳಗೆ ಬರೀ ದವಡೆ ಹೊರಗಿಟ್ಟು ಕೂತಿರುವುದು ಇರುವೆಸಿಂಹದ ಮರಿ. ಹಿಮ್ಮುಖವಾಗಿ ಸುತ್ತುತ್ತಾ ತಲೆಯಿಂದ ಮಣ್ಣು ಎತ್ತಿ ಎತ್ತಿ ಎಸೆದು ಆ ಗುಂಡಿ ತೋಡಿರುತ್ತದೆ. ಮುಂದೆ ಇದಕ್ಕೇ ರೆಕ್ಕೆ ಬಂದು, ನೋಡೋಕೆ ಏರೋಪ್ಲೇನ್ ಚಿಟ್ಟೆಯ ತರ ಆಗಿ, ರಾತ್ರಿ ಹೊತ್ತು ಹಾರಾಡುತ್ತದೆ.

ಇನ್ನು ಕಲ್ಲು. ಬೇಸಿಗೆಯಲ್ಲಿ ಬಯಲಲ್ಲಿ ನಡೆಯುವಾಗ ಟಿಟ್ಟಿಭವೊಂದು ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚುತ್ತಿದ್ದರೆ ಅಲ್ಲೇ ನಿಲ್ಲಿ, ಮುಂದೆ ಹೆಜ್ಜೆ ಇಡಬೇಡಿ. ಕಾಲ ಹತ್ತಿರದ ಕಲ್ಲುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇರುತ್ತವೆ, ಚೂಪು ತುದಿ ಒಳಮುಖ ಮಾಡಿಕೊಂಡು. ಬಣ್ಣ ಥೇಟ್ ಮಣ್ಣು, ಕಲ್ಲಿನದೇ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ, ನೆರಳೇ ಇಲ್ಲದ ನೆಲದಲ್ಲಿ ಆ ಮೊಟ್ಟೆ ಬೇಯದೆ ಉಳಿಯುವುದು ಹೇಗೆ ಅಂತ ಯೋಚಿಸಿದ್ದೀರಾ? ತಾಯಿ ತಂದೆ ಸರದಿಯಲ್ಲಿ ಮೇಲೆ ನಿಂತು ನೆರಳು ಕೊಡುತ್ತವೆ, ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತವೆ. ನೀವು ಅಲ್ಲಿ ನಿಂತಷ್ಟೂ ಹೊತ್ತು ಆ ಕೆಲಸ ನಿಲ್ಲುತ್ತದೆ, ಹಾಗಾಗಿ ಒಂದು ಸಲ ನೋಡಿ ದೂರ ಸರಿಯಿರಿ. ಕ್ಯಾಮೆರಾ ಹಿಡಿದು ಕಾಯುವುದು ಬೇಡವೇ ಬೇಡ.

ನಮ್ಮ ಸಲಹೆ ಇಷ್ಟೇ: ದಾರಿ ಬದಲಿಸಬೇಡಿ. ಅದೇ ಹೊಲದ ದಾರಿಯಲ್ಲೇ ನಡೆಯಿರಿ, ಆದರೆ ನಿಧಾನಕ್ಕೆ. ಡಾಕ್ಟರು ಹೇಳಿದ ಬಿರುಸು ನಡಿಗೆ ಹೋಗುವಾಗ ಮುಗಿಸಿ, ಬರುವಾಗ ನೋಡುತ್ತಾ ಬನ್ನಿ. ಜಾಲಿಯಲ್ಲಿ ಗೀಜಗ ಯಾವಾಗ ಗೂಡು ಕಟ್ಟೋಕೆ ಶುರು ಮಾಡಿತು, ಮುತ್ತುಗ ಯಾವ ವಾರ ಎಲೆ ಉದುರಿಸಿ ಕೆಂಪಾಯಿತು, ಕರೆಂಟ್ ತಂತಿ ಮೇಲೆ ನೀಲಕಂಠ ಎಲ್ಲಿ ಕೂರುತ್ತದೆ, ಇವೆಲ್ಲ ದಿನಾ ಹೋಗುವವರಿಗೆ ಮಾತ್ರ ಸಿಗುವ ಸಂಗತಿಗಳು. ಪ್ರವಾಸಕ್ಕೆ ಬಂದವರಿಗೆ ಸಿಗಲ್ಲ.

ಕಾಡೇ ಬೇಕು ಅಂದರೆ ನಿಮ್ಮ ಜಿಲ್ಲೆಯಲ್ಲೇ ಚಿಂಚೋಳಿ ಇದೆ. 2011ರಲ್ಲಿ ವನ್ಯಜೀವಿಧಾಮ ಆಯಿತು, ಸುಮಾರು 134 ಚದರ ಕಿಲೋಮೀಟರ್. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕಾಡು ಮಳೆ ಮುಗಿದ ಮೇಲೆ ತುಂಬಾ ಚೆಂದ. ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಒಳಗೆ ಹೋಗಿ.

ಬೀದರ್ ಸುತ್ತ ಎಲ್ಲಿ ನಡೆದರೂ ತೂತು ತೂತಾದ ಕೆಂಪು ಕಲ್ಲು. ನಗರ ಇರುವುದು ಎತ್ತರದಲ್ಲಿ, ಆದರೂ ಅಂಚಿನ ಇಳಿಜಾರಲ್ಲಿ ಬೇಸಿಗೆಯಲ್ಲೂ ನೀರು ಜಿನುಗುತ್ತಿರುತ್ತದೆ. ಇವೆರಡಕ್ಕೂ ಸಂಬಂಧ ಇದೆಯಾ?
– ವಿದ್ಯಾರ್ಥಿನಿ, ಬೀದರ್

ಇದೆ. ಇಂಥ ಪ್ರಶ್ನೆ ನಡೆದವರಿಗೆ ಮಾತ್ರ ಹೊಳೆಯುತ್ತದೆ, ಬೈಕಿನಲ್ಲಿ ಹೋದವರಿಗೆ ಅಲ್ಲ.

ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ತುಂಬಾ ಲಾವಾ ಹರಿದು, ಪದರ ಪದರವಾಗಿ ಆರಿ ಕಪ್ಪು ಕಲ್ಲಾಯಿತು. ಆ ಮೇಲೆ ಎಷ್ಟೋ ಲಕ್ಷ ವರ್ಷ ಬಿಸಿಲು, ಮಳೆ ಬಿದ್ದು ಮೇಲಿನ ಪದರ ಕೊಳೆಯಿತು. ಕಲ್ಲಿನೊಳಗಿನ ಸಿಲಿಕಾ ಕರಗಿ ಹೋಯಿತು, ಕಬ್ಬಿಣ, ಅಲ್ಯೂಮಿನಿಯಂ ಅಂಶ ಅಲ್ಲೇ ಉಳಿಯಿತು. ಅದೇ ನಿಮ್ಮ ಕೆಂಪು ಜಂಬಿಟ್ಟಿಗೆ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು, ತೂತುಗಳು ಕರಗಿ ಹೋದ ಭಾಗದವು. ಮಳೆ ನೀರು ಆ ತೂತುಗಳಲ್ಲಿ ಸಲೀಸಾಗಿ ಇಳಿಯುತ್ತದೆ. ಕೆಳಗೆ ಜಿಗುಟು ಮಣ್ಣು, ಅದರಡಿ ಗಟ್ಟಿ ಕಪ್ಪು ಕಲ್ಲು ಸಿಕ್ಕಿದಾಗ ಮುಂದೆ ಇಳಿಯೋಕೆ ದಾರಿ ಇರಲ್ಲ. ಆಗ ಅಡ್ಡಕ್ಕೆ ಹರಿದು ಇಳಿಜಾರಿನಲ್ಲಿ ಹೊರಗೆ ಬರುತ್ತದೆ. ಮುಂದಿನ ಸಲ ಇಳಿಜಾರು ಇಳಿಯುವಾಗ ಕೆಂಪು ಕಲ್ಲು ಮುಗಿದು ಕಪ್ಪು ಕಲ್ಲು ಶುರುವಾಗುವ ಜಾಗ ಹುಡುಕಿ. ಒದ್ದೆ ಮಣ್ಣು, ಜರೀಗಿಡ, ಹಸಿರು ಪಾಚಿ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು.

ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟ ನೀರಿನಲ್ಲಿ ಜನ ನಡೆದು ದೇವರ ಹತ್ತಿರ ಹೋಗುತ್ತಾರಲ್ಲ, ಆ ಗುಹೆ ಇರುವುದೂ ಇದೇ ಕೆಂಪು ಕಲ್ಲಿನ ಗುಡ್ಡದಲ್ಲಿ. 15ನೇ ಶತಮಾನದಲ್ಲಿ ಬಹಮನಿಗಳ ಕಾಲದವರು ಈ ನೆಲದ ಗುಣ ಚೆನ್ನಾಗಿ ಬಲ್ಲವರಾಗಿದ್ದರು. ಪರ್ಷಿಯಾ ಕಡೆಯ ವಿದ್ಯೆ ತಂದು ನೆಲದೊಳಗೆ ಸುರಂಗ ಕೊರೆದರು, ಅದೇ ನೌಬಾದಿನ ಕರೇಜ್. ಉದ್ದಕ್ಕೂ ಅಲ್ಲಲ್ಲಿ ಬಾವಿಯ ತರದ ಕಿಂಡಿಗಳಿವೆ. ಅವುಗಳ ಜಾಡು ಹಿಡಿದು ಮೇಲೆ ನಡೆದರೆ ಕೆಳಗಿನ ನೀರಿನ ದಾರಿ ಯಾವ ಕಡೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಕಿಂಡಿಯ ಅಂಚಿಗೆ ಹೋಗಿ ಬಗ್ಗಬೇಡಿ, ಮಕ್ಕಳ ಕೈ ಬಿಡಬೇಡಿ. ಆ ಕಿಂಡಿಗಳಲ್ಲಿ ಕಸ ಸುರಿಯುವುದು ಕಂಡರೆ ದಯವಿಟ್ಟು ಸುಮ್ನೆ ಇರಬೇಡಿ, ಹೇಳಿ. ಸುಮಾರು ಆರು ನೂರು ವರ್ಷ ಬಾಳಿದ ನೀರಿನ ದಾರಿ ಅದು.

ಬೋನಾಳ ಕೆರೆಗೆ ಹೆಬ್ಬಾತು ಬರುವುದು ಯಾವಾಗ? ಹತ್ತಿರದಿಂದ ನೋಡಬಹುದಾ?
– ಓದುಗರು, ಸುರಪುರ

ಚಳಿಗಾಲದಲ್ಲಿ. ಡಿಸೆಂಬರ್, ಜನವರಿ ಒಳ್ಳೆಯ ಸಮಯ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇದ್ದರೆ ಅದು ಪಟ್ಟೆತಲೆ ಹೆಬ್ಬಾತು. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಯಾದಗಿರಿ ಜಿಲ್ಲೆಯವರೆಗೂ ಬರುತ್ತದೆ ಅಂದರೆ ನನಗಂತೂ ಪ್ರತಿ ವರ್ಷ ಮೈ ಜುಂ ಅನ್ನುತ್ತದೆ.

ಹತ್ತಿರ ಹೋಗುವುದು ಬೇಡ. ಇವು ಹೊಲಗಳಲ್ಲಿ ಮೇಯುತ್ತವೆ, ಹಗಲು ನೀರಿನಲ್ಲಿ ದಣಿವಾರಿಸಿಕೊಳ್ಳುತ್ತವೆ. ನೀವು ಏರಿಯ ಅಂಚಿಗೆ ಹೋಗಿ ಎಬ್ಬಿಸಿದರೆ ಇಡೀ ಹಿಂಡು ಹಾರುತ್ತದೆ, ವಿಡಿಯೋ ಚೆನ್ನಾಗಿ ಬರಬಹುದು, ಆದರೆ ಮರುಪ್ರಯಾಣಕ್ಕೆ ಕೂಡಿಟ್ಟ ಶಕ್ತಿ ಖರ್ಚಾಗುವುದು ಅವುಗಳದ್ದು. ಒಂದು ದುರ್ಬೀನು ಇದ್ದರೆ ಸಾಕು. ಕುತ್ತಿಗೆಯಲ್ಲಿ ಪಟ್ಟಿ ಹಾಕಿದ ಹಕ್ಕಿ ಕಂಡರೆ ಅದರ ಬಣ್ಣ, ಅಕ್ಷರ ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿ. ಹಕ್ಕಿ ಎಲ್ಲಿಂದ ಬಂತು ಅಂತ ಅದರಿಂದ ಗೊತ್ತಾಗುತ್ತದೆ.

ಹಾವಿನ ಭಯ. ಏನು ಮಾಡಲಿ?
– ಓದುಗರು, ಶಹಾಪುರ

ಬೆಳಕು ಹರಿದ ಮೇಲೆ ಹೊರಡಿ. ಕಣಕಾಲು ಮುಚ್ಚುವ ಬೂಟು ಹಾಕಿ. ಕಲ್ಲು ಎತ್ತಬೇಡಿ, ಬಂಡೆಯ ಸಂದಿಗೆ ಕೈ ಹಾಕಬೇಡಿ. ನಿಮ್ಮ ಕಡೆಯ ಕಲ್ಲು ಬಯಲಲ್ಲಿ ಗರಗಸ ಮಂಡಲ ಇರುತ್ತದೆ. ಚಿಕ್ಕ ಹಾವು, ಮಣ್ಣಿನ ಬಣ್ಣ, ಕೆಣಕಿದರೆ ಮೈ ಸುರುಳಿ ಸುತ್ತಿ ಚರ್ಮ ಉಜ್ಜಿ ಸರ್ ಸರ್ ಅಂತ ಸದ್ದು ಮಾಡುತ್ತದೆ. ಸದ್ದು ಕೇಳಿದರೆ ಹಿಂದೆ ಸರಿಯಿರಿ ಅಷ್ಟೇ, ಅದು ಅಟ್ಟಿಸಿಕೊಂಡು ಬರಲ್ಲ. ಒಂದು ವೇಳೆ ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧ ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಮದ್ದು ಪ್ರತಿವಿಷದ ಇಂಜೆಕ್ಷನ್ ಒಂದೇ.

ಶಾಲೆ ಮಕ್ಕಳನ್ನು ನಡಿಗೆಗೆ ಕರೆದೊಯ್ಯುತ್ತೇನೆ. ಕಂಡದ್ದನ್ನೆಲ್ಲ ಡಬ್ಬಿಗೆ ಹಾಕಿಕೊಂಡು ಬರುತ್ತಾರೆ. ಬಿಡಲಾ, ಬೈಯಲಾ?
– ಶಿಕ್ಷಕಿ, ಭಾಲ್ಕಿ

ಬೈಯಬೇಡಿ. ಕುತೂಹಲ ಇರುವ ಮಕ್ಕಳು ಅವರು. ಕಲ್ಲು, ಬೀಜ, ಉದುರಿದ ಎಲೆ ತರಲಿ. ಹಕ್ಕಿಗೂಡು, ಮೊಟ್ಟೆ ಮಾತ್ರ ಮುಟ್ಟುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ತಪ್ಪು.

ಮಿರಗದ ಮಳೆ ಬಿದ್ದಾಗ ಹೊಲದಲ್ಲಿ ಮಕಮಲ್ಲಿನ ತರದ ಕೆಂಪು ಹುಳ ಏಳುತ್ತದಲ್ಲ, ಮಕ್ಕಳ ಡಬ್ಬಿಗೆ ಬೀಳುವುದು ಅದೇ ಜಾಸ್ತಿ. ಡಬ್ಬಿ ಬದಲು ಲೆನ್ಸ್ ಕೊಡಿ. ಕಾಲು ಎಣಿಸಿ ಅನ್ನಿ. ಎಂಟು ಸಿಗುತ್ತವೆ. ಕೀಟಕ್ಕೆ ಆರೇ ಕಾಲು ಅಲ್ವಾ, ಹಾಗಾದರೆ ಇದು ಯಾರ ಸಂಬಂಧಿ ಅಂತ ಕೇಳಿ. ಜೇಡದ ಬಳಗದ್ದು ಅಂತ ಅವರೇ ಹೇಳುವವರೆಗೂ ಕಾಯಿರಿ. ಆ ಮೇಲೆ ಇದು ಮಣ್ಣಿನಲ್ಲಿರುವ ಕೀಟಗಳ ಮೊಟ್ಟೆ ತಿನ್ನುತ್ತದೆ, ಹಾಗಾಗಿ ಹೊಲದಲ್ಲೇ ಇದ್ದರೆ ಒಳ್ಳೆಯದು ಅಂತ ತಿಳಿಸಿ. ವಾಪಸ್ ಬಿಡಿ ಅಂತ ನೀವು ಹೇಳಬೇಕಾಗಿಯೇ ಬರಲ್ಲ.