2.4 ಗಂಟೆ ಅಂದರೆ 2 ಗಂಟೆ 40 ನಿಮಿಷ ಅಲ್ವಾ?

ಅಲ್ಲ, 2 ಗಂಟೆ 24 ನಿಮಿಷ. ಚುಕ್ಕಿ ಆದಮೇಲೆ ಇರುವ 4 ನಿಮಿಷದ ಲೆಕ್ಕವಲ್ಲ, ಒಂದು ಗಂಟೆಯ ಹತ್ತರಲ್ಲಿ ನಾಲ್ಕು ಪಾಲು. ಹಾಗಾಗಿ ಪೂರ್ತಿ ಗಂಟೆಯನ್ನು ಪಕ್ಕಕ್ಕಿಟ್ಟು 0.4 ಅನ್ನು 60ರಿಂದ ಗುಣಿಸಿ, 24 ಬರುತ್ತದೆ. ಅಲ್ಲೂ ಚುಕ್ಕಿ ಉಳಿದರೆ ಇನ್ನೊಂದು ಸಲ 60ರಿಂದ ಗುಣಿಸಿದರೆ ಸೆಕೆಂಡ್ ಸಿಗುತ್ತದೆ: 2.41 ಗಂಟೆಯಲ್ಲಿ 0.41 × 60 = 24.6 ನಿಮಿಷ, ಆ 0.6 ಅಂದರೆ 36 ಸೆಕೆಂಡ್. ವಾಪಸ್ ಬರಬೇಕಾದರೆ ಭಾಗಿಸಿ. 40 ನಿಮಿಷಕ್ಕೆ 40 ÷ 60, ಅಂದರೆ ನೀವು ಹೇಳಿದ 2 ಗಂಟೆ 40 ನಿಮಿಷ ಸುಮಾರು 2.67 ಗಂಟೆ.

ನಾವು ಎಣಿಸುವುದು ಹತ್ತರ ಲೆಕ್ಕದಲ್ಲಿ, ಗಡಿಯಾರ ಓಡುವುದು ಹಳೇ ಬ್ಯಾಬಿಲೋನಿನವರ ಅರವತ್ತರ ಲೆಕ್ಕದಲ್ಲಿ. ಗೊಂದಲ ಇರುವುದೇ ಅಲ್ಲಿ. 60 ಕೆಟ್ಟ ಸಂಖ್ಯೆಯೇನಲ್ಲ ಬಿಡಿ, 2, 3, 4, 5, 6 ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ.

ಎತ್ತರ ಬರೆಯುವಾಗಲೂ ಇದೇ ಎಡವಟ್ಟು ಜಾಸ್ತಿ. ನಾನೇ ಒಂದು ಫಾರ್ಮಿನಲ್ಲಿ 5 ಅಡಿ 8 ಇಂಚನ್ನು ಸುಮ್ನೆ 5.8 ಅಡಿ ಅಂತ ಬರೆದಿದ್ದೆ. ಅಡಿಗೆ 12 ಇಂಚು, ಇಂಚಿಗೆ 2.54 ಸೆಂ.ಮೀ. ನನ್ನ ನಿಜವಾದ ಎತ್ತರ 172.7 ಸೆಂ.ಮೀ., ಬರೆದದ್ದು 176.8. ಕೂತಲ್ಲೇ 4 ಸೆಂ.ಮೀ. ಬೆಳೆದುಬಿಟ್ಟಿದ್ದೆ!