ಪೆಟ್ಟಿಗೆಯಲ್ಲಿ ಸಿಕ್ಕ ಬೆಳ್ಳಿ ಪದಕ ಬಸ್ರಾ ಲಡಾಯಿಗೆ (ಮೊದಲ ಮಹಾಯುದ್ಧದಲ್ಲಿ ಈಗಿನ ಇರಾಕಿನಲ್ಲಿ ನಡೆದದ್ದು) ಹೋದ ಮುತ್ತಜ್ಜನದೇ ಎಂದು ತಿಳಿಯುವುದು ಹೇಗೆ? ತೊಳೆಯಬಹುದೇ?

ತೊಳೆಯಬೇಡಿ. ಹುಣಸೆಹಣ್ಣು, ನಿಂಬೆ, ಬೂದಿ, ಹಲ್ಲುಪುಡಿ, ಅಂಗಡಿಯ ಪಾಲಿಷ್ ಯಾವುದೂ ಬೇಡ. ಪದಕ ಕಪ್ಪಗಾಗಿದ್ದರೆ ಅದಕ್ಕೆ ಕೇಡೇನೂ ಇಲ್ಲ. ಸಿಪಾಯಿಯ ಹೆಸರು ಇರುವುದು ಮುಖದ ಮೇಲಲ್ಲ, ಸುತ್ತಿನ ಅಂಚಿನಲ್ಲಿ. ಆ ಅಕ್ಷರಗಳು ಆಳವಾಗಿರುವುದಿಲ್ಲ, ಉಜ್ಜಿದಷ್ಟೂ ಸವೆಯುತ್ತವೆ.

ನೀವು ಹೇಳಿದ ಗುರುತು, ಅಂದರೆ ಒಂದು ಕಡೆ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬೆತ್ತಲೆ ಸವಾರ, 1914 ಮತ್ತು 1918 ಎಂಬ ಇಸವಿಗಳು, ಬ್ರಿಟಿಷ್ ವಾರ್ ಮೆಡಲ್‌ನದು. ಅಡ್ಡಳತೆ 36 ಮಿ.ಮೀ. ಇದರ ಜೊತೆಗೆ ಸಾಮಾನ್ಯವಾಗಿ ರೆಕ್ಕೆಯ ದೇವತೆಯಿರುವ ಕಂಚಿನ ವಿಕ್ಟರಿ ಮೆಡಲ್ ಕೂಡ ಬರುತ್ತಿತ್ತು. ಪೆಟ್ಟಿಗೆಯ ತಳ ಇನ್ನೊಮ್ಮೆ ನೋಡಿ. ಒಂದು ಮಾತು ನೆನಪಿರಲಿ: ಇವೆರಡೂ ಯುದ್ಧಕ್ಕೆ ಹೋದವರಿಗೆಲ್ಲ ಕೊಟ್ಟ ಪದಕಗಳು. ಬದುಕಿ ಬಂದವರಿಗೂ ಇವೇ. ಸತ್ತವರ ಮನೆಗೆ ಹೋದದ್ದು ಬೇರೆ: ಸುಮಾರು 12 ಸೆಂ.ಮೀ. ಅಗಲದ ಕಂಚಿನ ಫಲಕ, ಬ್ರಿಟಾನಿಯಾ (ಬ್ರಿಟನ್ನನ್ನು ಹೆಣ್ಣಾಗಿ ತೋರುವ ರೂಪ) ಮತ್ತು ಸಿಂಹದ ಚಿತ್ರದ್ದು. ಅದರಲ್ಲಿ ಹೆಸರು ಮಾತ್ರ ಇರುತ್ತದೆ, ಹುದ್ದೆ ಇಲ್ಲ. ಸತ್ತವರಲ್ಲಿ ಮೇಲುಕೀಳು ಬೇಡವೆಂದು ಹಾಗೆ ಮಾಡಿದರು.

ಈಗ ಅಂಚು ಓದಿ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಮಾಯವಾಗುವ ಅಕ್ಷರ ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ ಏಳೆಂಟು ಫೋಟೊ ತೆಗೆಯಿರಿ. ನಂಬರು, ಹುದ್ದೆ, ಹೆಸರು, ಪಲ್ಟನ್ ಈ ಕ್ರಮದಲ್ಲಿರುತ್ತದೆ, ಊರು ಇರುವುದಿಲ್ಲ. ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಒಂದೇ ಹೆಸರಿನವರು ಒಂದೇ ಪಲ್ಟನ್ನಿನಲ್ಲಿ ಹಲವರಿದ್ದರು. ಹಾಗಾಗಿ ನಂಬಬೇಕಾದ್ದು ನಂಬರನ್ನು. ಸವೆದ ಅಂಚಿನಲ್ಲಿ 3 ಮತ್ತು 8, 1 ಮತ್ತು 7 ಅದಲುಬದಲಾಗುತ್ತವೆ. ಎರಡನ್ನೂ ಹಾಕಿ ಹುಡುಕಿ.

ಪಲ್ಟನ್ 103, 105, 110, 114, 116 ಅಥವಾ 117 ಆಗಿದ್ದರೆ ಅದು ಮರಾಠಾ ಪದಾತಿ. 1922ರಲ್ಲಿ ಈ ನಂಬರುಗಳೇ ಬದಲಾದವು, 110 ಹೋಗಿ ಐದನೇ ರೆಜಿಮೆಂಟಿನ ಮೂರನೇ ಪಲ್ಟನ್ ಆಯಿತು. ಈಗಿನ ಹೆಸರಿನಲ್ಲಿ ಹುಡುಕಿದವರಿಗೆ ಏನೂ ಸಿಗದಿರುವುದು ಇದರಿಂದಲೇ.

ನಂಬರು ಹಿಡಿದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಿ, ದುಡ್ಡು ಕೊಡಬೇಕಿಲ್ಲ. ಅಲ್ಲಿರುವುದು ಯುದ್ಧದಲ್ಲಿ ಸತ್ತವರ ದಾಖಲೆ ಮಾತ್ರ, ಬದುಕಿ ಬಂದವರ ಹೆಸರು ಸಿಗುವುದಿಲ್ಲ. ಎಷ್ಟೋ ಸಿಪಾಯಿಗಳ ದಾಖಲೆಯಲ್ಲಿ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆ ಇವೆ. ಮನೆಯ ಹಿರಿಯರ ಮಾತಿಗೆ ಅವು ಕೂಡಿದರೆ ಪದಕ ನಿಮ್ಮ ಮುತ್ತಜ್ಜನದೇ. ಬೆಳಗಾಂ, ಧಾರವಾರ್ ಎಂಬ ಹಳೆಯ ಇಂಗ್ಲಿಷ್ ಕಾಗುಣಿತವನ್ನೇ ಹಾಕಿ. ಸತ್ತ ದಿನಾಂಕವನ್ನೂ ಗಮನಿಸಿ. 103, 110, 117 ಈ ಮೂರೂ ಪಲ್ಟನ್ನುಗಳು ಇರಾಕಿನ ಕುತ್ ಪಟ್ಟಣಕ್ಕೆ ತುರ್ಕರು ಹಾಕಿದ ಮುತ್ತಿಗೆಯಲ್ಲಿ ಸಿಲುಕಿ, 1916ರ ಏಪ್ರಿಲ್ 29ರಂದು ಶರಣಾದವು. ಅದರ ನಂತರದ ದಿನಾಂಕವಿದ್ದರೆ ತುರ್ಕರ ಸೆರೆಯಲ್ಲಿ ತೀರಿಕೊಂಡಿರಬಹುದು.

ಬಸ್ರಾ ಸ್ಮಾರಕವನ್ನು ಕಟ್ಟಿದಾಗ ಬ್ರಿಟಿಷರ ಹೆಸರುಗಳನ್ನು ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳಿಗೆ ಪಲ್ಟನ್ನಿನ ಕೆಳಗೆ ಸತ್ತವರು ಇಷ್ಟು ಎಂಬ ಲೆಕ್ಕ ಮಾತ್ರ. ನನಗೆ ಇದನ್ನು ಈಗಲೂ ಒಪ್ಪಲಾಗುವುದಿಲ್ಲ. ಕಲ್ಲಿನಲ್ಲಿ ಇಲ್ಲದ ಹೆಸರು ನಿಮ್ಮ ಕೈಯಲ್ಲಿರುವ ಆ ಅಂಚಿನ ಮೇಲಿದೆ, ಉಜ್ಜಬೇಡಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಯಾರಾದರೂ ಹಿಂದೆ ತಾಳಿಸರಕ್ಕೋ ಕೊರಳಿಗೋ ಹಾಕಲು ಕೊಂಡಿ ಬೆಸೆಸಿದ್ದರೆ ಹಾಗೇ ಬಿಡಿ, ಅಕ್ಕಸಾಲಿಗರಿಂದ ತೆಗೆಸಲು ಹೋದರೆ ಬೆಂಕಿಯ ಕಾವಿಗೆ ಅಂಚು ಕೆಡುತ್ತದೆ. ಪಿ.ವಿ.ಸಿ. ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ ಹತ್ತಿರ ಸುಳಿಯಬಾರದು. ಪ್ಲಾಸ್ಟಿಕ್ ಆಮ್ಲ ಬಿಡುತ್ತದೆ, ರಬ್ಬರು ಉಣ್ಣೆಗಳ ಗಂಧಕ ಬೆಳ್ಳಿಯನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ಒಗೆದು ಒಣಗಿಸಿದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ನಂಬರು, ಹೆಸರು, ಪಲ್ಟನ್, ಊರುಗಳನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯೂ ಅದರೊಳಗೇ ಇರಲಿ.