ಹೋಮ್‌ಸ್ಟೇ ಪೇಜ್‌ನಲ್ಲಿ ನಿಮ್ಮ ಫೋಟೊ ಇದ್ದರೆ ನಿಮ್ಮ ಅಕೌಂಟ್ ಯಾಕೆ ಅಳಿಸುತ್ತೀರಿ?

ಚಿಕ್ಕಮಗಳೂರಿನ ಹೋಮ್‌ಸ್ಟೇಯಲ್ಲಿ ನೀವು ಮಳೆಗೆ ನೆನೆದು ಕುಣಿದ ಫೋಟೊವನ್ನು ಹೋಮ್‌ಸ್ಟೇನವರು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದಾರೆ, ಅದು ಹಾಸನದ ನೆಂಟರ ವಾಟ್ಸಾಪ್ ಗ್ರೂಪಿಗೂ ಬಂದಿದೆ, ಮುಂದಿನ ತಿಂಗಳು ನಿಶ್ಚಿತಾರ್ಥ, ಅಕೌಂಟ್ ಡಿಲೀಟ್ ಮಾಡಿ ನಂಬರ್ ಬದಲಿಸಲೇ ಅಂತ ಕೇಳಿದ್ದೀರಿ. ಈ ಸಂಕಟ ನಾನೂ ಉಂಡವಳು, ಅದಕ್ಕೇ ನೇರವಾಗಿ ಹೇಳುತ್ತೇನೆ: ಬೇಡ. ಫೋಟೊ ಇರುವುದು ಅವರ ಪೇಜ್‌ನಲ್ಲಿ. ನಿಮ್ಮ ಅಕೌಂಟ್ ಹೋದರೂ ಅದು ಅಲ್ಲೇ ಇರುತ್ತದೆ. ಟ್ಯಾಗ್ ತೆಗೆಯುವ, ರಿಪೋರ್ಟ್ ಮಾಡುವ, ಅವರಿಗೆ ಮೆಸೇಜ್ ಹಾಕುವ ದಾರಿ ಮಾತ್ರ ನಿಮ್ಮ ಕೈತಪ್ಪುತ್ತದೆ.

ದುಬಾರಿಯಾಗುವ ತಪ್ಪು ಬೇರೆಯೇ ಇದೆ. ಗಾಬರಿಯಲ್ಲಿ ಮೊದಲು ರಿಪೋರ್ಟ್ ಒತ್ತಿ, ಪೇಜ್ ಬ್ಲಾಕ್ ಮಾಡಿ, ಚಾಟ್ ಅಳಿಸಿಬಿಡುವುದು. ಬ್ಲಾಕ್ ಮಾಡಿದ ಮೇಲೆ ಆ ಪೋಸ್ಟ್ ಇದೆಯೋ ಹೋಯಿತೋ ನಿಮಗೇ ಕಾಣುವುದಿಲ್ಲ. ನಾಳೆ ಅದೇ ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಠಾಣೆಯಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ. ಸ್ಕ್ರೀನ್‌ಶಾಟ್ ಇದೆಯಲ್ಲ ಅನ್ನಬೇಡಿ. ಅದರಲ್ಲಿರುವುದು ಯೂಸರ್‌ನೇಮ್, ಅದನ್ನು ಪೇಜ್‌ನವರು ಯಾವಾಗ ಬೇಕಾದರೂ ಬದಲಿಸಬಹುದು. ಪೋಸ್ಟಿನ ಲಿಂಕ್ ಹಾಗೆ ಬದಲಾಗುವುದಿಲ್ಲ. ದೂರಿನ ಮೇಲೆ ತೆಗೆದುಹಾಕಿದ ಪೋಸ್ಟಿನ ದಾಖಲೆಯನ್ನು ಇನ್‌ಸ್ಟಾಗ್ರಾಮ್‌ನಂಥ ಕಂಪನಿ 180 ದಿನ ಇಟ್ಟುಕೊಳ್ಳಬೇಕು ಅಂತ 2021ರ ಐಟಿ ನಿಯಮಗಳು ಹೇಳುತ್ತವೆ. ಆದರೆ ದಾಖಲೆ ಇದ್ದರೂ ಯಾವ ಪೋಸ್ಟ್ ಅಂತ ಬೊಟ್ಟು ಮಾಡಲು ಲಿಂಕ್ ಬೇಕೇ ಬೇಕು.

ಆದ್ದರಿಂದ ಪೋಸ್ಟಿನ ಶೇರ್ ಗುರುತು ಒತ್ತಿ, ಕಾಪಿ ಲಿಂಕ್ ಆರಿಸಿ, ವಾಟ್ಸಾಪ್‌ನಲ್ಲಿ ನಿಮ್ಮ ನಂಬರಿಗೇ ಕಳಿಸಿಕೊಳ್ಳಿ. ಪೇಜ್‌ನ ಲಿಂಕನ್ನೂ ಹಾಗೇ ಎತ್ತಿಡಿ. ಆಮೇಲೆ ಸ್ಕ್ರೀನ್ ರೆಕಾರ್ಡಿಂಗ್ ಹಾಕಿ, ಪೇಜ್ ಹೆಸರಿನಿಂದ ಶುರುಮಾಡಿ ಫೋಟೊ, ತಾರೀಖು, ಕಾಮೆಂಟು ಎಲ್ಲ ಕಾಣುವಂತೆ ನಿಧಾನಕ್ಕೆ ಸರಿಸಿ. ಸ್ಟೋರಿಯಾಗಿದ್ದರೆ 24 ಗಂಟೆಯಲ್ಲಿ ಮಾಯವಾಗುತ್ತದೆ, ಅದನ್ನೇ ಮೊದಲು ಹಿಡಿಯಿರಿ.

ಇಷ್ಟಾದ ಮೇಲೆ ಹೋಮ್‌ಸ್ಟೇನವರನ್ನೇ ಕೇಳಿ. ಮುಜುಗರದ ಫೋಟೊ ಅನ್ನುವ ಒಂದೇ ಕಾರಣಕ್ಕೆ ಇನ್‌ಸ್ಟಾಗ್ರಾಮ್ ಅದನ್ನು ತೆಗೆದುಹಾಕುವುದು ಅಪರೂಪ. ಹಾಕಿದವರು ಮನಸ್ಸು ಮಾಡಿದರೆ ಎರಡು ನಿಮಿಷದ ಕೆಲಸ. ಫೋನಿನಲ್ಲಿ ಜಗಳ ಬೇಡ, ಬರಹದಲ್ಲಿ ಕಳಿಸಿ: "ಸಾರ್, ಇಂಥ ತಾರೀಖು ನಿಮ್ಮಲ್ಲಿ ಉಳಿದಿದ್ದೆವು. ಈ ಲಿಂಕ್‌ನಲ್ಲಿ ನನ್ನ ಫೋಟೊ ಇದೆ, ಹಾಕಲು ನಾನು ಒಪ್ಪಿಗೆ ಕೊಟ್ಟಿಲ್ಲ. ನಾಳೆ ಸಂಜೆಯೊಳಗೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಗೂಗಲ್ ಮ್ಯಾಪ್ ಮೂರರಿಂದಲೂ ತೆಗೆದು ತಿಳಿಸಿ." ಮೂರನ್ನೂ ಹೆಸರಿಸಲೇಬೇಕು. ಇನ್‌ಸ್ಟಾಗ್ರಾಮ್‌ನಿಂದ ಫೇಸ್‌ಬುಕ್‌ಗೂ ಹೋಗುವಂತೆ ಇಟ್ಟಿದ್ದರೆ ಒಂದು ಕಡೆ ಅಳಿಸಿದರೂ ಇನ್ನೊಂದು ಕಡೆ ಉಳಿಯುತ್ತದೆ. ಹೈಲೈಟ್ಸ್‌ನಲ್ಲಿ, ಅಂದರೆ ಸ್ಟೋರಿಗಳನ್ನು ಪೇಜ್‌ನಲ್ಲೇ ಉಳಿಸಿಡುವ ಜಾಗದಲ್ಲಿ, ಸೇರಿಸಿದ್ದಾರೆಯೇ ಅಂತಲೂ ನೋಡಿ. ರೂಮ್ ಬುಕ್ ಮಾಡುವಾಗ ಆಧಾರ್ ಕೊಟ್ಟಿದ್ದೀರಿ ಅಂದಮಾತ್ರಕ್ಕೆ ಜಾಹೀರಾತಿಗೆ ನಿಮ್ಮ ಮುಖ ಕೊಟ್ಟಂತಾಗುವುದಿಲ್ಲ. ಇದರಲ್ಲಿ ದಾಕ್ಷಿಣ್ಯ ಬೇಡ.

ಅವರು ಜಗ್ಗದಿದ್ದರೆ, ಫೋಟೊ ತೆಗೆದವರು ಯಾರು ಅನ್ನುವುದು ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಕ್ಕು ಸಾಮಾನ್ಯವಾಗಿ ಕ್ಲಿಕ್ ಮಾಡಿದವರದ್ದು, ಫೋಟೊದಲ್ಲಿರುವವರದ್ದಲ್ಲ. ನಿಮ್ಮ ಸೆಲ್ಫಿಯಾದರೆ ನೀವೇ ಕಾಪಿರೈಟ್ ದೂರು ಹಾಕಬಹುದು. ಗೆಳತಿ ತೆಗೆದಿದ್ದರೆ ದೂರು ಅವಳ ಹೆಸರಲ್ಲಿ ಹೋಗಬೇಕು. ಹೋಮ್‌ಸ್ಟೇ ಹುಡುಗನೇ ತೆಗೆದಿದ್ದರೆ ಈ ದಾರಿ ಹಿಡಿಯಬೇಡಿ, ಸುಳ್ಳು ದೂರಾಗುತ್ತದೆ.

ನೆಂಟರ ಗ್ರೂಪಿನ ವಿಷಯ. ಕಳಿಸಿ ಎರಡು ದಿನ ದಾಟಿರದಿದ್ದರೆ ಕಳಿಸಿದವರು ಎಲ್ಲರಿಗೂ ಅಳಿಯುವಂತೆ ಡಿಲೀಟ್ ಮಾಡಬಹುದು. ಗ್ಯಾಲರಿಗೆ ಇಳಿದ ಪ್ರತಿಗಳಿಗೆ ಏನೂ ಮಾಡಲಾಗದು. ಗ್ರೂಪಿನಲ್ಲಿ ಸಮಜಾಯಿಷಿ ಬರೆಯಬೇಡಿ, ಓದದಿದ್ದವರೂ ಮೇಲಕ್ಕೆ ಹೋಗಿ ಹುಡುಕುತ್ತಾರೆ. ಕಳಿಸಿದ ಚಿಕ್ಕಮ್ಮನಿಗೋ ಮಾವನಿಗೋ ಫೋನ್ ಮಾಡಿ ಹೇಳಿ. ಗಂಡಿನ ಮನೆಗೆ ಗೊತ್ತಾದರೆ ಅನ್ನುವ ಭಯಕ್ಕೆ ನನ್ನ ಉತ್ತರ ಇಷ್ಟೇ: ಹುಡುಗನಿಗೆ ನೀವೇ ಮೊದಲು ತೋರಿಸಿ. ಮಳೆಯಲ್ಲಿ ಕುಣಿದದ್ದು ಮುಚ್ಚಿಡುವ ವಿಷಯವಲ್ಲ.

ಬಟ್ಟೆಯಿಲ್ಲದ ಅಥವಾ ಹಾಗೆ ತಿರುಚಿದ ಫೋಟೊ, ಇಲ್ಲವೇ ದುಡ್ಡು ಕೇಳುವ ಬೆದರಿಕೆ ಬಂದರೆ ಮೇಲಿನ ವಿನಯವೆಲ್ಲ ಬಿಡಿ. ಅಂಥ ಫೋಟೊಗೆ ದೂರು ಬಂದರೆ ಕಂಪನಿ ಕ್ರಮ ತೆಗೆದುಕೊಳ್ಳಲು ಅದೇ 2021ರ ನಿಯಮಗಳು ಮೊದಲು 24 ಗಂಟೆಯ ಗಡುವು ಹಾಕಿದ್ದವು, 2026ರ ತಿದ್ದುಪಡಿ ಅದನ್ನು 2 ಗಂಟೆಗೆ ಇಳಿಸಿದೆ. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹರಡಿದರೆ ಐಟಿ ಕಾಯ್ದೆಯ 66ಇ ಕಲಮಿನಲ್ಲಿ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ. ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಇದ್ದರೆ ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್, ಅಂದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು, ಕೇಳಬಹುದು. ಅಂಥ ಫೋಟೊ ಹರಡದಂತೆ ತಡೆಯಲು 18 ದಾಟಿದವರಿಗೆ ಸ್ಟಾಪ್‌ಎನ್‌ಸಿಐಐ ಅನ್ನುವ ಉಚಿತ ಸೇವೆಯೂ ಇದೆ. ಫೋಟೊ ನಿಮ್ಮ ಫೋನಿನಲ್ಲೇ ಉಳಿದು, ಅದರ ಗುರುತಿನ ಸಂಖ್ಯೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದವಕ್ಕೆ ಹೋಗುತ್ತದೆ. ದುಡ್ಡು ಮಾತ್ರ ಒಂದು ರೂಪಾಯಿಯೂ ಕಳಿಸಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.

ಹೋಮ್‌ಸ್ಟೇನವರು ಫೋಟೊ ಅಳಿಸಿದ ಮೇಲೂ ಗೂಗಲ್ ಹುಡುಕಾಟದಲ್ಲಿ ಅದರ ಚಿಕ್ಕ ಚಿತ್ರ ಕೆಲವು ಕಾಲ ಕಾಣಬಹುದು. ಅದಕ್ಕೆ ಗೂಗಲ್‌ನ 'ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್' ಪುಟದಲ್ಲಿ ನೀವು ಎತ್ತಿಟ್ಟ ಲಿಂಕ್ ಹಾಕಿ ಅರ್ಜಿ ಕೊಡಿ. ಮೂಲ ಪೋಸ್ಟ್ ಇನ್ನೂ ಇದ್ದರೆ ಅರ್ಜಿ ತಿರಸ್ಕಾರವಾಗುತ್ತದೆ, ಅದು ಹೋಗಿದೆ ಅಂತ ಖಾತ್ರಿ ಮಾಡಿಕೊಂಡೇ ಹಾಕಿ.